ಮೊದಲ ಪುಸ್ತಕದ ಆಯ್ಕೆ: ಭಾಷಾವಿಜ್ಞಾನದ ಪ್ರವೇಶಗ್ರಂಥಗಳು ಮತ್ತು ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಮನೆಮಾತು

ಸಾರಾಂಶ

ಭಾಷಾವಿಜ್ಞಾನದ ವ್ಯಾಸಂಗಕ್ಕೆ ತೊಡಗುವವರ ಕೈಗೆ ಮೊದಲು ಯಾವ ಪುಸ್ತಕವನ್ನು ಕೊಡಬೇಕು ಎಂಬ ಪ್ರಶ್ನೆಯನ್ನು ಈ ಲೇಖನವು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಮೂರು ತಾಲ್ಲೂಕುಗಳ ಹವ್ಯಕ ಮನೆಮಾತನ್ನು ಒರೆಗಲ್ಲಾಗಿಟ್ಟುಕೊಂಡು ಪರಿಶೀಲಿಸುತ್ತದೆ. ಪ್ರವೇಶಗ್ರಂಥದ ಯೋಗ್ಯತೆಯನ್ನು ಅದರ ಸರಳತೆಯಿಂದಾಗಲಿ, ಹೊಸತನದಿಂದಾಗಲಿ, ವಿಷಯವ್ಯಾಪ್ತಿಯಿಂದಾಗಲಿ ಅಳೆಯುವುದು ಸಾಲದು. ಓದುಗನು ತನ್ನ ಮಾತಿನ ಸಾಮಗ್ರಿಯನ್ನು ತಂದು ಗ್ರಂಥದ ಹೇಳಿಕೆಯನ್ನು ಪರೀಕ್ಷಿಸುವುದಕ್ಕೆ ಆ ಗ್ರಂಥವೇ ಸಾಧನ ಒದಗಿಸುತ್ತದೆಯೇ ಎಂಬುದು ನಿರ್ಣಾಯಕ ಎಂದು ನಾವು ವಾದಿಸುತ್ತೇವೆ. ಲಿಂಗ, ಪುರುಷಪ್ರತ್ಯಯ ಮತ್ತು ಉದ್ಧರಣವಾಚಕ ಎಂಬ ಮೂರು ಅಂಶಗಳನ್ನು ಆಧರಿಸಿ ಪ್ರಚಲಿತ ಪ್ರವೇಶಗ್ರಂಥಗಳನ್ನು ವಿಮರ್ಶಿಸಲಾಗಿದೆ.

ಮುಖ್ಯ ಪದಗಳು: ಪ್ರವೇಶಗ್ರಂಥ, ಹವ್ಯಕ ಕನ್ನಡ, ಲಿಂಗವ್ಯವಸ್ಥೆ, ಪುರುಷಪ್ರತ್ಯಯ, ಉದ್ಧರಣವಾಚಕ, ಉಪಭಾಷೆ

1. ಪ್ರಶ್ನೆಯ ಸ್ವರೂಪ

ಕಠಿಣವಾದ ಯಾವ ಶಾಸ್ತ್ರಕ್ಕಾದರೂ ಮೊದಲ ಪುಸ್ತಕವು ಕೇವಲ ಮಾಹಿತಿಯನ್ನು ಕೊಡುವುದಿಲ್ಲ. ಆ ಶಾಸ್ತ್ರದಲ್ಲಿ ಯಾವುದು ಪ್ರಶ್ನೆ, ಯಾವುದು ಉತ್ತರ, ಯಾವುದು ಪುರಾವೆ ಎಂಬುದರ ಅಭ್ಯಾಸವನ್ನೂ ಹಾಕಿಕೊಡುತ್ತದೆ. ಮಾಹಿತಿ ತಪ್ಪಿದ್ದರೆ ಮುಂದಿನ ಪುಸ್ತಕ ತಿದ್ದೀತು. ಅಭ್ಯಾಸ ತಪ್ಪಿದರೆ ಅದನ್ನು ತಿದ್ದಲು ವರ್ಷಗಳು ಬೇಕಾಗುತ್ತವೆ. ಭಾಷಾವಿಜ್ಞಾನಕ್ಕೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಭೌತವಿಜ್ಞಾನದ ವಿದ್ಯಾರ್ಥಿಗೆ ಪ್ರಯೋಗಾಲಯ ಹೊರಗಿನದು. ಭಾಷಾವಿಜ್ಞಾನದ ವಿದ್ಯಾರ್ಥಿ ಮಾತ್ರ ತನ್ನ ಪ್ರಯೋಗಾಲಯವನ್ನು ಬಾಯಲ್ಲಿಟ್ಟುಕೊಂಡೇ ತರಗತಿಗೆ ಬರುತ್ತಾನೆ. ಮೊದಲ ಪುಸ್ತಕ ಅದರ ಬಾಗಿಲನ್ನು ತೆರೆಯಲೂಬಹುದು, ಮುಚ್ಚಲೂಬಹುದು.

ಈ ಪ್ರಶ್ನೆಯನ್ನು ನಾವು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಸಂದರ್ಭದಲ್ಲಿ ಇರಿಸಿ ನೋಡಲು ಕಾರಣವಿದೆ. ಅಡಕೆ ತೋಟಗಳ ಈ ಸೀಮೆಯಲ್ಲಿ ಹವ್ಯಕ ಕನ್ನಡ, ನಾಮಧಾರಿ ಮುಂತಾದ ಸಮುದಾಯಗಳ ಕನ್ನಡ, ಕೊಂಕಣಿಯ ಹಲವು ಬಗೆಗಳು, ಯಲ್ಲಾಪುರದ ಕಾಡಂಚಿನ ಸಿದ್ದಿ ಸಮುದಾಯದವರ ಮಾತು, ಗೌಳಿಗರ ಮರಾಠಿ ಮೂಲದ ಮಾತು ಇವೆಲ್ಲ ಕೆಲವೇ ಹರದಾರಿಗಳ ಅಂತರದಲ್ಲಿ ಕೇಳಿಬರುತ್ತವೆ. ಇಲ್ಲಿಯ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯವು. ಇಲ್ಲಿಂದ ಕನ್ನಡ ಅಥವಾ ಭಾಷಾವಿಜ್ಞಾನದ ಉನ್ನತ ವ್ಯಾಸಂಗಕ್ಕೆ ಹೋಗುವ ವಿದ್ಯಾರ್ಥಿಯು ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ಶಾಲೆಯಲ್ಲಿ ಮತ್ತೊಂದು ವ್ಯಾಕರಣವನ್ನು ಬಳಸಿ ಬಲ್ಲವನು. ಇಂಥವನಿಗೆ ಭಾಷಾವಿಜ್ಞಾನ ಸುಲಭವಾಗಿ ಒಲಿಯಬೇಕು. ಆದರೆ ಅನೇಕ ವೇಳೆ ಹಾಗಾಗುವುದಿಲ್ಲ. ಇದರ ಒಂದು ಕಾರಣ ಅವನ ಮೊದಲ ಪುಸ್ತಕದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

2. ‘ಬದಲಾಗಿ’ ಎಂಬ ಒಂದು ಮಾತು

ಶಿರಸಿಯ ಕಡೆಯ ಹವ್ಯಕ ಮಾತಿನ ಈ ವಾಕ್ಯಗಳನ್ನು ಗಮನಿಸಬಹುದು.

(1) ಮಾಣಿ ಬಂದ. (‘ಹುಡುಗ ಬಂದನು’)
(2) ಕೂಸು ಬಂತು. (‘ಹುಡುಗಿ ಬಂದಳು’)
(3) ತಂಗಿ ಬಂತು. (‘ತಂಗಿ ಬಂದಳು’)
(4) ದನ ಬಂತು. (‘ದನ ಬಂದಿತು’)

ಎರಡನೆಯ ವಾಕ್ಯವೊಂದನ್ನೇ ಉದಾಹರಿಸಿದರೆ, ಶಿಷ್ಟ ಕನ್ನಡದಲ್ಲಿ ‘ಕೂಸು’ ಎಂದರೆ ಮಗು, ಅದು ಹೇಗೂ ನಪುಂಸಕಲಿಂಗ ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಮೂರನೆಯ ವಾಕ್ಯದ ಮುಂದೆ ಆ ಸಮಾಧಾನ ನಿಲ್ಲುವುದಿಲ್ಲ. ತಂಗಿ, ಅಕ್ಕ, ಆಯಿ ಎಲ್ಲರಿಗೂ ಏಕವಚನದಲ್ಲಿ ಕ್ರಿಯಾಪದ ಒಂದೇ ರೂಪದಲ್ಲಿ ಬರುತ್ತದೆ, ಸರ್ವನಾಮವಾಗಿ ‘ಅದು’ ಬರುತ್ತದೆ. ದನಕ್ಕೂ ಮರಕ್ಕೂ ಬರುವುದು ಅದೇ ರೂಪ.

ಈ ಸಂಗತಿಯನ್ನು ಕುರಿತು ಪ್ರಬಂಧಗಳಲ್ಲಿಯೂ ವಿಚಾರಸಂಕಿರಣದ ಮಂಡನೆಗಳಲ್ಲಿಯೂ ನಮಗೆ ಮತ್ತೆ ಮತ್ತೆ ಎದುರಾಗುವ ವಿವರಣೆಯ ಧಾಟಿ ಒಂದೇ: ಹವ್ಯಕದಲ್ಲಿ ಸ್ತ್ರೀಲಿಂಗಕ್ಕೆ ಬದಲಾಗಿ ನಪುಂಸಕಲಿಂಗ ಬಳಕೆಯಾಗುತ್ತದೆ. ಮೇಲ್ನೋಟಕ್ಕೆ ಇದರಲ್ಲಿ ದೋಷ ಕಾಣದು. ಆದರೆ ‘ಬದಲಾಗಿ’ ಎಂಬ ಮಾತು ಇಲ್ಲಿ ಬಹಳ ದೊಡ್ಡ ಕೆಲಸವನ್ನು ಸದ್ದಿಲ್ಲದೆ ಮಾಡಿಬಿಟ್ಟಿದೆ. ಒಂದರ ಬದಲಿಗೆ ಇನ್ನೊಂದು ಬರಬೇಕಾದರೆ ಮೊದಲಿನದು ಆ ಸ್ಥಾನದಲ್ಲಿ ಇರಬೇಕಷ್ಟೆ. ಈ ಮನೆಮಾತಿನ ಏಕವಚನದ ಕ್ರಿಯಾರೂಪಗಳಲ್ಲಿ ಸ್ತ್ರೀಲಿಂಗವೆಂಬ ಪ್ರತ್ಯೇಕ ವರ್ಗವೇ ಇಲ್ಲದಿರುವಾಗ ಅದರ ‘ಬದಲು’ ಎಲ್ಲಿಂದ ಬಂತು? ಅದು ಶಾಲೆಯ ವ್ಯಾಕರಣದಿಂದ ಬಂತು. ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಎಂಬ ಮೂರು ಕೋಣೆಗಳ ಮನೆಯನ್ನು ಮೊದಲೇ ಕಟ್ಟಿಟ್ಟುಕೊಂಡು, ಅದರೊಳಗೆ ಹವ್ಯಕವನ್ನು ಕೂರಿಸಿದಾಗ ಒಂದು ಕೋಣೆ ಖಾಲಿ ಉಳಿಯುತ್ತದೆ. ಆ ಖಾಲಿತನವೇ ಈ ಮಾತಿನ ವೈಶಿಷ್ಟ್ಯವೆಂದು, ಕೆಲವೊಮ್ಮೆ ಕೊರತೆಯೆಂದು, ವರ್ಣಿತವಾಗುತ್ತದೆ. ಸರಿಯಾದ ವಿವರಣೆ ಸರಳವಾದುದು: ಇಲ್ಲಿ ಏಕವಚನದಲ್ಲಿ ಇರುವುದು ಎರಡು ವರ್ಗಗಳು, ಪುರುಷವಾಚಕ ಮತ್ತು ಪುರುಷೇತರ.

ಇದೊಂದು ವಿಚಿತ್ರ ಅಪವಾದವಲ್ಲ. ತೆಲುಗಿನಲ್ಲಿ ‘ಅಬ್ಬಾಯಿ ವಚ್ಚಾಡು’ (ಹುಡುಗ ಬಂದನು) ಒಂದು ಕಡೆ, ‘ಅಮ್ಮಾಯಿ ವಚ್ಚಿಂದಿ’ (ಹುಡುಗಿ ಬಂದಳು) ಮತ್ತು ‘ಆವು ವಚ್ಚಿಂದಿ’ (ಹಸು ಬಂದಿತು) ಇನ್ನೊಂದು ಕಡೆ. ದ್ರಾವಿಡ ಭಾಷೆಗಳ ಲಿಂಗವ್ಯವಸ್ಥೆಯಲ್ಲಿ ಪುರುಷ ಮತ್ತು ಪುರುಷೇತರ ಎಂಬ ವಿಭಜನೆ ವ್ಯಾಪಕವಾಗಿರುವುದು ಭದ್ರಿರಾಜು ಕೃಷ್ಣಮೂರ್ತಿಯವರ ‘ದ ದ್ರವಿಡಿಯನ್ ಲ್ಯಾಂಗ್ವೇಜಸ್’ (2003) ಗ್ರಂಥದಲ್ಲಿ ವಿವರವಾಗಿ ಚರ್ಚಿತವಾಗಿದೆ. ಅವರ ಅಭಿಪ್ರಾಯದಲ್ಲಿ ‘ಅವಳ್’ ಎಂಬಲ್ಲಿ ಕಾಣುವ ಪ್ರತ್ಯೇಕ ಸ್ತ್ರೀವಾಚಕ ರೂಪವು ದಕ್ಷಿಣ ದ್ರಾವಿಡ ಶಾಖೆಯ ಹೊಸ ಬೆಳವಣಿಗೆ. ಹಾಗೆಂದು ಹವ್ಯಕವು ಅತಿ ಪ್ರಾಚೀನ ಸ್ಥಿತಿಯನ್ನು ಉಳಿಸಿಕೊಂಡಿದೆ ಎಂದು ನೇರವಾಗಿ ಹಾರಲು ಬರುವುದಿಲ್ಲ. ಆ ಹೊಸ ಬೆಳವಣಿಗೆಯನ್ನು ಹಂಚಿಕೊಂಡ ಶಾಖೆಗೇ ಕನ್ನಡವೂ ಸೇರಿರುವುದರಿಂದ, ಒಮ್ಮೆ ಇದ್ದ ‘ಅವಳ್’ ಈ ಮಾತಿನಲ್ಲಿ ಆಮೇಲೆ ಅಳಿದಿರಬಹುದಾದ ಸಾಧ್ಯತೆಯನ್ನೂ ತೂಗಿ ನೋಡಬೇಕಾಗುತ್ತದೆ. ಒಂದು ಒಳ್ಳೆಯ ಪ್ರವೇಶಗ್ರಂಥವನ್ನು ಓದಿದ ವಿದ್ಯಾರ್ಥಿ ಈ ಎರಡು ಸಾಧ್ಯತೆಗಳ ಮುಂದೆ ನಿಂತು, ಯಾವ ಪುರಾವೆ ದೊರೆತರೆ ಯಾವುದನ್ನು ಒಪ್ಪಬಹುದು ಎಂದು ಕೇಳಬಲ್ಲ. ‘ಬದಲಾಗಿ’ ಎಂದು ಬರೆದು ಮುಗಿಸಿದವನಿಗೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ.

ಈ ಒಂದು ಮಾತಿನ ಪರಿಣಾಮ ಶಾಸ್ತ್ರದ ಗಡಿಯನ್ನು ದಾಟಿಯೂ ಹೋಗುತ್ತದೆ. ‘ನಪುಂಸಕ’ ಎಂಬ ಹೆಸರನ್ನೇ ಆಧಾರವಾಗಿಟ್ಟುಕೊಂಡು, ಈ ಸಮುದಾಯದಲ್ಲಿ ಹೆಂಗಸರನ್ನು ವಸ್ತುವಿನಂತೆ ಕಾಣುತ್ತಿದ್ದರು, ಅದಕ್ಕೆ ಭಾಷೆಯೇ ಸಾಕ್ಷಿ ಎಂಬ ತೀರ್ಮಾನಕ್ಕೆ ಬರುವವರಿದ್ದಾರೆ. ಸ್ತ್ರೀಯರ ಸ್ಥಾನಮಾನದ ಚರಿತ್ರೆ ಗಂಭೀರವಾದ ವಿಷಯ. ಅದಕ್ಕೆ ಬೇರೆ ಸಾಕ್ಷ್ಯಗಳಿವೆ. ಆದರೆ ವ್ಯಾಕರಣಕಾರರು ಇಟ್ಟ ಹೆಸರಿನಿಂದ ಮಾತಾಡುವವರ ಮನೋಧರ್ಮವನ್ನು ಓದುವುದು ಪುರಾವೆಯಲ್ಲ. ಹಾಗೆ ಓದುವುದಾದರೆ ತೆಲುಗು ಮಾತಾಡುವ ಕೋಟ್ಯಂತರ ಜನರ ಮೇಲೂ ಅದೇ ತೀರ್ಪನ್ನು ಕೊಡಬೇಕಾದೀತು. ಕೊಂಕಣಿಯ ಹಲವು ಬಗೆಗಳಲ್ಲಿ ಎಳೆಯ ಹುಡುಗಿಯನ್ನು ನಪುಂಸಕ ರೂಪದಲ್ಲಿ ಹೇಳಿ, ಬೆಳೆದ ಹೆಂಗಸನ್ನು ಸ್ತ್ರೀಲಿಂಗದಲ್ಲಿ ಹೇಳುವ ವಾಡಿಕೆಯಿದೆ. ಅಲ್ಲಿ ಮೂರು ವರ್ಗಗಳು ಇದ್ದೇ ಇವೆ. ಯಾರು ಯಾವ ವರ್ಗಕ್ಕೆ ಎಂಬುದಷ್ಟೇ ಬೇರೆ. ಒಂದೇ ಪೇಟೆಯಲ್ಲಿ ಕೇಳಿಬರುವ ಈ ಎರಡು ವ್ಯವಸ್ಥೆಗಳನ್ನು ‘ಬದಲಾಗಿ’ ಎಂಬ ಒಂದೇ ಮಾತು ಅಡಗಿಸಿಬಿಡುತ್ತದೆ.

3. ಪ್ರವೇಶಗ್ರಂಥಗಳು ಕಲಿಸುವ ಅಭ್ಯಾಸ

ಲಿಂಗವನ್ನು ಕುರಿತು ಪ್ರವೇಶಗ್ರಂಥವೊಂದು ಏನು ಹೇಳುತ್ತದೆ ಎಂಬುದನ್ನು ಮೊದಲ ಪರೀಕ್ಷೆಯಾಗಿ ಇಟ್ಟುಕೊಳ್ಳಬಹುದು. ಗಂಡು, ಹೆಣ್ಣು, ಜಡ ಎಂಬ ಅರ್ಥಭೇದವೇ ಲಿಂಗ ಎಂದು ಹೇಳುವ ಪುಸ್ತಕ ಒಂದು ಬಗೆ. ನಾಮಪದದೊಡನೆ ಬರುವ ಇತರ ಪದಗಳ ನಡವಳಿಕೆಯಲ್ಲಿ ತೋರುವ ವರ್ಗಭೇದವೇ ಲಿಂಗ ಎಂದು ಹೇಳುವ ಪುಸ್ತಕ ಇನ್ನೊಂದು ಬಗೆ. ಎರಡನೆಯ ತಿಳುವಳಿಕೆಯನ್ನು ಚಾರ್ಲ್ಸ್ ಹಾಕೆಟ್ ಅವರು 1958ರಷ್ಟು ಹಿಂದೆಯೇ ‘ಎ ಕೋರ್ಸ್ ಇನ್ ಮಾಡರ್ನ್ ಲಿಂಗ್ವಿಸ್ಟಿಕ್ಸ್’ ಎಂಬ ಪಠ್ಯದಲ್ಲಿ ಖಚಿತವಾಗಿ ನಿರೂಪಿಸಿದ್ದರು. ಗ್ರೆವಿಲ್ ಕಾರ್ಬೆಟ್ ಅವರು 1991ರಲ್ಲಿ ‘ಜೆಂಡರ್’ ಎಂಬ ಗ್ರಂಥವನ್ನು ಬರೆದಾಗ ಅದೇ ನಿರೂಪಣೆಯನ್ನು ಆಧಾರವಾಗಿಸಿಕೊಂಡರು. ಮೊದಲ ಬಗೆಯ ಪುಸ್ತಕ ಓದಿದವನು (3)ನೆಯ ವಾಕ್ಯವನ್ನು ತಪ್ಪೆಂದೋ ವಿಚಿತ್ರವೆಂದೋ ಬರೆಯುತ್ತಾನೆ. ಎರಡನೆಯದನ್ನು ಓದಿದವನು ಕ್ರಿಯಾರೂಪಗಳನ್ನು ಎಣಿಸಿ ಎರಡು ವರ್ಗ ಎಂದು ಬರೆಯುತ್ತಾನೆ. ಹಾಕೆಟ್ ಅವರ ಪಠ್ಯದ ಎಷ್ಟೋ ಭಾಗ ಇಂದು ಹಳತಾಗಿದೆ. ಆದರೂ ಈ ಒಂದು ವಿಷಯದಲ್ಲಿ ಅದು ಇತ್ತೀಚಿನ ಎಷ್ಟೋ ಪರೀಕ್ಷಾ ಕೈಪಿಡಿಗಳಿಗಿಂತ ಮುಂದಿದೆ. ಪುಸ್ತಕದ ಪ್ರಕಟಣೆಯ ವರ್ಷವನ್ನು ನೋಡಿ ಆಯ್ಕೆ ಮಾಡುವವರು ಇದನ್ನು ನೆನಪಿಡಬೇಕು.

ಕನ್ನಡದಲ್ಲಿ ಎಂ. ಚಿದಾನಂದಮೂರ್ತಿಯವರ ‘ಭಾಷಾವಿಜ್ಞಾನದ ಮೂಲತತ್ವಗಳು’, ಕೆ. ಕೆಂಪೇಗೌಡರ ‘ಸಾಮಾನ್ಯ ಭಾಷಾವಿಜ್ಞಾನ’ ಇವೇ ಮೊದಲಾದ ಪುಸ್ತಕಗಳು ಹಲವು ತಲೆಮಾರಿನ ವಿದ್ಯಾರ್ಥಿಗಳಿಗೆ ಶಾಸ್ತ್ರದ ಬಾಗಿಲಾದವು. ಧ್ವನಿಮಾ, ಆಕೃತಿಮಾ ಮುಂತಾದ ಪರಿಭಾಷೆ ಕನ್ನಡದಲ್ಲಿ ನೆಲೆಗೊಂಡದ್ದರಲ್ಲಿ ಇಂಥ ಪುಸ್ತಕಗಳ ಪಾಲು ದೊಡ್ಡದು. ಇಂಗ್ಲಿಷಿನ ನೆರವಿಲ್ಲದೆ ಈ ಶಾಸ್ತ್ರವನ್ನು ಕನ್ನಡದಲ್ಲಿಯೇ ಯೋಚಿಸಬಹುದು ಎಂಬ ಧೈರ್ಯವನ್ನು ಅವು ಕೊಟ್ಟವು. ಈ ಋಣವನ್ನು ಮರೆತು ನಾವು ವಿಮರ್ಶೆಗೆ ತೊಡಗುವುದಿಲ್ಲ. ತೊಡಕು ಬರುವುದು ಈ ಪರಂಪರೆಯನ್ನು ತರಗತಿಯ ಟಿಪ್ಪಣಿಗಳಿಗೆ ಇಳಿಸಿದಾಗ. ಅಲ್ಲಿ ವ್ಯಾಖ್ಯೆ ಉಳಿಯುತ್ತದೆ, ಅದನ್ನು ತಲುಪಿದ ದಾರಿ ಅಳಿಸಿಹೋಗುತ್ತದೆ. ಧ್ವನಿಮಾ ಎಂದರೇನು ಎಂಬ ಪ್ರಶ್ನೆಗೆ ಅರ್ಧ ಪುಟದ ಉತ್ತರ ಬರೆಯಬಲ್ಲ ವಿದ್ಯಾರ್ಥಿಗೆ ತನ್ನ ಮನೆಮಾತಿನ ಎರಡು ಸ್ವರಗಳು ಬೇರೆ ಧ್ವನಿಮಾಗಳೇ ಅಲ್ಲವೇ ಎಂದು ನಿರ್ಧರಿಸುವ ಕ್ರಮ ಗೊತ್ತಿರುವುದಿಲ್ಲ.

ಇಂಗ್ಲಿಷಿನ ಪ್ರವೇಶಗ್ರಂಥಗಳಲ್ಲಿ ಈ ದೃಷ್ಟಿಯಿಂದ ಎಚ್. ಎ. ಗ್ಲೀಸನ್ ಅವರ ‘ಆ್ಯನ್ ಇಂಟ್ರೊಡಕ್ಷನ್ ಟು ಡಿಸ್ಕ್ರಿಪ್ಟಿವ್ ಲಿಂಗ್ವಿಸ್ಟಿಕ್ಸ್’ (1955, ಪರಿಷ್ಕೃತ ಮುದ್ರಣ 1961) ಗಮನಾರ್ಹ. ಅದು ಆಕೃತಿಮಾದ ವ್ಯಾಖ್ಯೆಯಿಂದ ತೃಪ್ತವಾಗುವುದಿಲ್ಲ. ಓದುಗನಿಗೆ ಪರಿಚಯವಿಲ್ಲದ ಹೀಬ್ರೂ ಕ್ರಿಯಾರೂಪಗಳನ್ನು ಸಾಲಾಗಿ ಮುಂದಿಟ್ಟು, ಎರಡೆರಡನ್ನು ಹೋಲಿಸಿ, ಎಲ್ಲಿ ಕತ್ತರಿಸಬೇಕು, ಏಕೆ ಅಲ್ಲಿಯೇ ಕತ್ತರಿಸಬೇಕು ಎಂದು ತೋರಿಸುತ್ತದೆ. ಇದಕ್ಕೆ ಜೊತೆಯಾಗಿ ಬಂದ ಅಭ್ಯಾಸಪುಸ್ತಕದಲ್ಲಿ ಹಲವು ಭಾಷೆಗಳ ಸಮಸ್ಯೆಗಳಿವೆ. ಅಪರಿಚಿತ ಭಾಷೆಯ ಮೇಲೆ ಕೈ ಪಳಗಿದ ವಿದ್ಯಾರ್ಥಿ ತನ್ನ ಭಾಷೆಗೆ ಹಿಂತಿರುಗಿದಾಗ ಅದನ್ನು ಅಪರಿಚಿತವೆಂಬಂತೆ ನೋಡಬಲ್ಲವನಾಗುತ್ತಾನೆ. ಈ ಪುಸ್ತಕದ ಮಿತಿಗಳೂ ಸ್ಪಷ್ಟ. ವಾಕ್ಯರಚನೆಯ ಭಾಗ ಇಂದಿನ ಅಗತ್ಯಕ್ಕೆ ಸಾಲದು. ನೋಮ್ ಚಾಮ್‌ಸ್ಕಿಯವರ 1957ರ ‘ಸಿಂಟ್ಯಾಕ್ಟಿಕ್ ಸ್ಟ್ರಕ್ಚರ್ಸ್’ ಆರಂಭಿಸಿದ ಚಿಂತನೆಗೆ ಇದು ಬಾಗಿಲಾಗಲಾರದು.

ಲೆನರ್ಡ್ ಬ್ಲೂಮ್‌ಫೀಲ್ಡ್ ಅವರ ‘ಲ್ಯಾಂಗ್ವೇಜ್’ (1933) ಮತ್ತು ಜಾನ್ ಲಯನ್ಸ್ ಅವರ ‘ಇಂಟ್ರೊಡಕ್ಷನ್ ಟು ಥಿಯರೆಟಿಕಲ್ ಲಿಂಗ್ವಿಸ್ಟಿಕ್ಸ್’ (1968) ಹೆಸರಿಗೆ ಪ್ರವೇಶಗ್ರಂಥಗಳೆನಿಸಿದರೂ ಎರಡನೆಯ ವರ್ಷದ ಓದಿಗೆ ತಕ್ಕವು. ಒಂದು ಸಾಮಗ್ರಿಯ ದಟ್ಟಣೆಯಿಂದ, ಇನ್ನೊಂದು ಪರಿಕಲ್ಪನೆಗಳ ಸೂಕ್ಷ್ಮತೆಯಿಂದ ಮೊದಲ ಓದುಗನನ್ನು ದಣಿಸುತ್ತದೆ. ವಿಕ್ಟೋರಿಯಾ ಫ್ರಾಮ್ಕಿನ್ ಮತ್ತು ರಾಬರ್ಟ್ ರಾಡ್ಮನ್ ಅವರ ‘ಆ್ಯನ್ ಇಂಟ್ರೊಡಕ್ಷನ್ ಟು ಲ್ಯಾಂಗ್ವೇಜ್’ (1974ರಿಂದ ಅನೇಕ ಪರಿಷ್ಕರಣಗಳು) ವ್ಯಾಪ್ತಿಯಲ್ಲಿಯೂ ಲವಲವಿಕೆಯಲ್ಲಿಯೂ ಇವೆರಡಕ್ಕಿಂತ ಹೊಸ ಓದುಗನಿಗೆ ಹತ್ತಿರ. ನಮ್ಮ ವಿದ್ಯಾರ್ಥಿಗಳ ಮಟ್ಟಿಗೆ ಅದರ ತೊಡಕೆಂದರೆ ವಾದದ ಮುಖ್ಯ ಹೊರೆಯನ್ನು ಇಂಗ್ಲಿಷಿನ ಉದಾಹರಣೆಗಳು ಹೊರುವುದು. ಯಾವ ವಾಕ್ಯ ಸರಿ, ಯಾವುದು ಅಲ್ಲ ಎಂದು ಓದುಗನ ಅಂತರಂಗವನ್ನೇ ಕೇಳುವ ಪುಟಗಳಲ್ಲಿ, ಇಂಗ್ಲಿಷನ್ನು ಶಾಲೆಯಲ್ಲಿ ಕಲಿತವನಿಗೆ ಕೇಳಿಕೊಳ್ಳಲು ಅಂತರಂಗವೇ ಇರುವುದಿಲ್ಲ. ಪುಸ್ತಕ ಹೇಳಿದ್ದನ್ನು ಅವನು ನಂಬಬೇಕಾಗುತ್ತದೆ. ಪರೀಕ್ಷಿಸಬೇಕಾದ ಜಾಗದಲ್ಲಿ ನಂಬುವುದು ಅಭ್ಯಾಸವಾದರೆ ಮೊದಲ ಪುಸ್ತಕ ತನ್ನ ಕೆಲಸದಲ್ಲಿ ಸೋತಂತೆ.

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳುವುದು ಉಚಿತ. ಈ ಸೀಮೆಯ ವಿದ್ಯಾರ್ಥಿಗಳೊಡನೆ ಓದಲು ಕುಳಿತಾಗ ನಾವು ಮೊದಲು ಆರಿಸಿದ್ದು ಇಂಥದೇ ಒಂದು ದಪ್ಪ, ಹೊಸ, ಬಣ್ಣದ ಚಿತ್ರಗಳ ಇಂಗ್ಲಿಷ್ ಪಠ್ಯವನ್ನು. ಒಂದು ವರ್ಷದ ಕೊನೆಗೆ ಅವರು ಇಂಗ್ಲಿಷ್ ವಾಕ್ಯಗಳಿಗೆ ವೃಕ್ಷರೇಖೆಗಳನ್ನು ಅಚ್ಚುಕಟ್ಟಾಗಿ ಬರೆಯಬಲ್ಲವರಾದರು. ತಮ್ಮ ಮನೆಯಲ್ಲಿ ಬೆಳಗಿನಿಂದ ಬೈಗಿನವರೆಗೆ ಕೇಳುವ ಒಂದು ವಾಕ್ಯವನ್ನು ವಿಶ್ಲೇಷಿಸಲು ಹೇಳಿದಾಗ ಸುಮ್ಮನಾದರು. ‘ನಮ್ಮನೆ ಮಾತಿಗೆ ವ್ಯಾಕರಣ ಇದ್ದಾ?’ ಎಂದು ಒಬ್ಬರು ಸಂಕೋಚದಿಂದ ಕೇಳಿದರು. ಆ ಪ್ರಶ್ನೆ ವಿದ್ಯಾರ್ಥಿಯ ಅಜ್ಞಾನಕ್ಕಿಂತ ನಮ್ಮ ಪುಸ್ತಕದ ಆಯ್ಕೆಯ ಫಲ ಎಂದು ತಿಳಿಯಲು ನಮಗೆ ಕೆಲವು ಕಾಲ ಹಿಡಿಯಿತು.

4. ಮನೆಯ ವಾಕ್ಯಗಳ ಪರೀಕ್ಷೆ

ಅಂದು ನಾವು ಮುಂದಿಟ್ಟ ವಾಕ್ಯ ಇದು.

(5) ಅಂವ ಬತ್ತಿ ಹೇಳಿ ಹೇಳ್ದ. (‘ತಾನು ಬರುತ್ತೇನೆ ಎಂದು ಅವನು ಹೇಳಿದನು’)

ಇದರಲ್ಲಿ ಕಲಿಯಲು ಎರಡು ಪಾಠಗಳಿವೆ. ಮೊದಲನೆಯದು ‘ಬತ್ತಿ’ ಎಂಬ ರೂಪ. ಈ ಕ್ರಿಯಾಪದದ ಏಕವಚನ ರೂಪಗಳನ್ನು ಸಾಲಾಗಿ ಇಟ್ಟರೆ:

(6) ಆನು ಬತ್ತಿ. (‘ನಾನು ಬರುತ್ತೇನೆ’)
(7) ನೀನು ಬತ್ತೆ. (‘ನೀನು ಬರುತ್ತೀಯೆ’)
(8) ಅಂವ ಬತ್ತ. (‘ಅವನು ಬರುತ್ತಾನೆ’)
(9) ಅದು ಬತ್ತು. (‘ಅವಳು ಬರುತ್ತಾಳೆ’, ‘ಅದು ಬರುತ್ತದೆ’)

ಶಿಷ್ಟ ಕನ್ನಡದ ಆಡುರೂಪಗಳಲ್ಲಿ ‘-ತೇ-’ ಉತ್ತಮಪುರುಷವನ್ನೂ ‘-ತೀ-’ ಮಧ್ಯಮಪುರುಷವನ್ನೂ ನೆನಪಿಸುತ್ತವೆ. ಇಲ್ಲಿ ಇಕಾರಾಂತ ಉತ್ತಮಪುರುಷಕ್ಕೆ, ಎಕಾರಾಂತ ಮಧ್ಯಮಪುರುಷಕ್ಕೆ. ಶಿಷ್ಟ ಭಾಷೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಧ್ವನಿಮುದ್ರಣವನ್ನು ಲಿಪ್ಯಂತರ ಮಾಡುವ ಸಂಶೋಧಕನು ಈ ಎರಡನ್ನು ಅದಲುಬದಲು ಗುರುತಿಸುವ ಸಂಭವವಿದೆ. ಈ ಮಾತನ್ನು ಹುಟ್ಟಿನಿಂದ ಆಡುವವನು ತಪ್ಪು ಮಾಡಲಾರ ಎಂದುಕೊಳ್ಳಬಾರದು. ಪುಸ್ತಕದ ಅಧಿಕಾರ ಕಿವಿಯ ಸಾಕ್ಷಿಯನ್ನು ಮೀರಿದ ಸಂದರ್ಭಗಳನ್ನು ಮಾರ್ಗದರ್ಶಕರೆಲ್ಲರೂ ಬಲ್ಲರು. ರೂಪಗಳನ್ನು ಒಂದರ ಪಕ್ಕ ಒಂದಿಟ್ಟು, ಯಾವುದರ ಎದುರಿಗೆ ಯಾವುದು ನಿಲ್ಲುತ್ತದೆ ಎಂದು ನೋಡುವ ಗ್ಲೀಸನ್ ಬಗೆಯ ಪಾಠ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಎರಡನೆಯ ಪಾಠ ‘ಹೇಳಿ ಹೇಳ್ದ’ ಎಂಬ ಜೋಡಿಯದು. ಶಿಷ್ಟ ಕನ್ನಡದಲ್ಲಿ ‘ಎಂದು’, ‘ಅಂತ’ ಮಾಡುವ ಕೆಲಸವನ್ನು ಹವ್ಯಕದಲ್ಲಿ ‘ಹೇಳಿ’ ಮಾಡುತ್ತದೆ. (5)ರಲ್ಲಿ ಮೊದಲ ‘ಹೇಳಿ’ ಇನ್ನೂ ಕ್ರಿಯಾಪದವೇ, ಅಥವಾ ವಾಕ್ಯವನ್ನು ವಾಕ್ಯಕ್ಕೆ ಕಟ್ಟುವ ಬರಿಯ ಉದ್ಧರಣವಾಚಕವೇ? ವ್ಯಾಖ್ಯೆಯನ್ನು ಕಂಠಪಾಠ ಮಾಡಿದವನು ‘ಹೇಳು’ ಧಾತುವಿನ ಭೂತನ್ಯೂನ ಎಂದು ಬರೆದು ಮುಂದೆ ಹೋಗುತ್ತಾನೆ. ಪರೀಕ್ಷಿಸಲು ಕಲಿತವನು ಹೇಳುವ ಕ್ರಿಯೆಯೇ ನಡೆಯದ ವಾಕ್ಯವನ್ನು ಹುಡುಕುತ್ತಾನೆ:

(10) ಅಂವ ಬತ್ತ ಹೇಳಿ ಗೊತ್ತಿದ್ದು. (‘ಅವನು ಬರುತ್ತಾನೆ ಎಂದು ಗೊತ್ತಿದೆ’)

ಇಲ್ಲಿ ಯಾರೂ ಏನನ್ನೂ ಹೇಳುತ್ತಿಲ್ಲ. ಆದ್ದರಿಂದ ‘ಹೇಳಿ’ ತನ್ನ ಮೂಲಾರ್ಥವನ್ನು ಬಿಟ್ಟು ವ್ಯಾಕರಣದ ಕೆಲಸಕ್ಕೆ ಇಳಿದಿದೆ ಎಂದು ತೋರಿಸಬಹುದು. ‘ಎನ್ನು’ ಎಂಬುದರಿಂದ ‘ಎಂದು’ ಬಂದ ಹಾಗೆಯೇ ‘ಹೇಳು’ ಎಂಬುದರಿಂದ ಇದು ಬಂದಿದೆ. ನುಡಿವ ಅರ್ಥದ ಧಾತು ಉದ್ಧರಣವಾಚಕವಾಗುವುದು ಜಗತ್ತಿನ ಅನೇಕ ಭಾಷೆಗಳಲ್ಲಿ ಕಂಡುಬರುವ ಬೆಳವಣಿಗೆ. ಅಡುಗೆಮನೆಯ ಒಂದು ವಾಕ್ಯದಿಂದ ಭಾಷಾಪ್ರಕಾರ ಅಧ್ಯಯನದ ದೊಡ್ಡ ಪ್ರಶ್ನೆಯೊಂದಕ್ಕೆ ಎರಡ್ಹೆಜ್ಜೆ ಸಾಕು. ಈ ಎರಡ್ಹೆಜ್ಜೆಯನ್ನು ಇಡಿಸಬಲ್ಲ ಪುಸ್ತಕವೇ ನಮ್ಮ ಅರ್ಥದಲ್ಲಿ ಒಳ್ಳೆಯ ಪ್ರವೇಶಗ್ರಂಥ.

5. ಡಿ. ಎನ್. ಶಂಕರ ಭಟ್ಟರ ಗ್ರಂಥಗಳು

ಈ ಚರ್ಚೆಯಲ್ಲಿ ಡಿ. ಎನ್. ಶಂಕರ ಭಟ್ಟರ ಹೆಸರು ಅನಿವಾರ್ಯವಾಗಿ ಬರುತ್ತದೆ. ಪುಣೆಯ ಡೆಕ್ಕನ್ ಕಾಲೇಜು 1971ರಲ್ಲಿ ಪ್ರಕಟಿಸಿದ ಅವರ ‘ಆ್ಯನ್ ಔಟ್‌ಲೈನ್ ಗ್ರಾಮರ್ ಆಫ್ ಹವ್ಯಕ’ ಹವ್ಯಕ ಮಾತನ್ನು ಅದರದೇ ನೆಲೆಯಲ್ಲಿ ವರ್ಣಿಸಿದ ಕೃತಿ. ಅದೇ ಸಂಸ್ಥೆ ಆ ಕಾಲದಲ್ಲಿ ಕನ್ನಡದ ಉಪಭಾಷೆಗಳ ವರ್ಣನೆಗಳನ್ನು ಸಾಲಾಗಿ ಹೊರತಂದಿತು. ಇದೇ ಜಿಲ್ಲೆಯ ಹಾಲಕ್ಕಿ ಒಕ್ಕಲಿಗರ ಮಾತನ್ನು ಕುರಿತ ಎ. ಎಸ್. ಆಚಾರ್ಯರ ‘ಹಾಲಕ್ಕಿ ಕನ್ನಡ’ (1967) ಅವುಗಳಲ್ಲೊಂದು. ಯು. ಪಿ. ಉಪಾಧ್ಯಾಯರು 1976ರಲ್ಲಿ ಪ್ರಕಟಿಸಿದ ಉಪಭಾಷೆಗಳ ತೌಲನಿಕ ಅಧ್ಯಯನವು ಬಳ್ಳಾರಿ, ಗುಲಬರ್ಗಾ, ನಂಜನಗೂಡುಗಳ ಜೊತೆಗೆ ಕುಮಟಾವನ್ನೂ ಒಳಗೊಂಡಿತ್ತು. ಇವು ಯಾವುವೂ ಪಠ್ಯಪುಸ್ತಕಗಳಲ್ಲ. ಆದರೂ ಪ್ರವೇಶಗ್ರಂಥದ ಪಕ್ಕದಲ್ಲಿ ಮೊದಲ ದಿನದಿಂದಲೇ ಇರಬೇಕಾದವು ಎಂದು ನಾವು ಭಾವಿಸುತ್ತೇವೆ.

ಪುತ್ತೂರು ಸೀಮೆಯಿಂದ ಬಂದ ಭಟ್ಟರಿಗೆ ಹತ್ತಿರವಾದದ್ದು ದಕ್ಷಿಣದ ಹವ್ಯಕ. ಅಲ್ಲಿ ‘ಆನು ಬತ್ತೆ’, ಶಿರಸಿಯಲ್ಲಿ ‘ಆನು ಬತ್ತಿ’. ಕೇಳುವವನನ್ನು ಹೊರಗಿಟ್ಟು ಹೇಳುವ ‘ನಾವು’ ಅಲ್ಲಿ ‘ಎಂಗೊ’, ಇಲ್ಲಿ ‘ಯಂಗ’ ಅಥವಾ ‘ಯಂಗೊ’. ಶಿರಸಿಯ ವಿದ್ಯಾರ್ಥಿ ಈ ಪುಸ್ತಕವನ್ನು ತೆರೆದಾಗ, ಇದು ನಮ್ಮದು ಎಂಬ ಸಂತೋಷದ ಬೆನ್ನಿಗೇ ಇದು ನಮ್ಮದಲ್ಲ ಎಂಬ ತಕರಾರೂ ಹುಟ್ಟುತ್ತದೆ. ಈ ತಕರಾರನ್ನು ನಾವು ಪುಸ್ತಕದ ಗುಣವೆಂದೇ ಎಣಿಸುತ್ತೇವೆ. ಎಲ್ಲಿ ಬೇರೆ, ಎಷ್ಟು ಬೇರೆ, ಬಹುವಚನದಲ್ಲಿ ಏನಾಗುತ್ತದೆ, ಹಿರಿಯ ಹೆಂಗಸರಿಗೆ ಗೌರವರೂಪ ಬಳಸಿದಾಗ ಎರಡು ವರ್ಗಗಳ ಚಿತ್ರ ಹೇಗೆ ಬದಲಾಗುತ್ತದೆ ಎಂದು ಬರೆದಿಟ್ಟುಕೊಳ್ಳತೊಡಗಿದವನು ಆಗಲೇ ಕ್ಷೇತ್ರಕಾರ್ಯವನ್ನು ಆರಂಭಿಸಿರುತ್ತಾನೆ.

ಭಟ್ಟರ ಕನ್ನಡ ಗ್ರಂಥಗಳ ಆಯ್ಕೆಯಲ್ಲಿ ವಿವೇಚನೆ ಬೇಕು. ಸಾಮಾನ್ಯ ಓದುಗರನ್ನು ಉದ್ದೇಶಿಸಿದ ‘ಭಾಷೆಯ ಬಗೆಗೆ ನೀವೇನು ಬಲ್ಲಿರಿ?’ ಮೊದಲ ಓದಿಗೆ ಒಗ್ಗುವ ಕೃತಿ. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ (2000) ಸಂಸ್ಕೃತ ವ್ಯಾಕರಣದ ಚೌಕಟ್ಟನ್ನು ಕನ್ನಡದ ಮೇಲೆ ಹೊರಿಸಿದುದನ್ನು ಪ್ರಶ್ನಿಸುವ ವಾದಗ್ರಂಥ. ‘ಬದಲಾಗಿ’ ಎಂಬ ಮಾತನ್ನು ಕುರಿತು ನಾವು ಮೇಲೆ ಎತ್ತಿದ ಆಕ್ಷೇಪಕ್ಕೆ ಅದರ ಚಿಂತನೆಯ ಋಣವಿದೆ. ಆದರೆ ವಾದಗ್ರಂಥವನ್ನು ಮೊದಲ ಪುಸ್ತಕವಾಗಿ ಓದಿದವನು ತೀರ್ಮಾನವನ್ನು ಬೇಗ ಕಲಿಯುತ್ತಾನೆ, ತೀರ್ಮಾನಕ್ಕೆ ಬರುವ ವಿಧಾನವನ್ನು ತಡವಾಗಿ. ಸಂಸ್ಕೃತದ ಚೌಕಟ್ಟಿನ ಬದಲಿಗೆ ಭಟ್ಟರ ಚೌಕಟ್ಟನ್ನು ಪ್ರಶ್ನೆಯಿಲ್ಲದೆ ಒಪ್ಪಿದರೆ, ಗುರು ಬದಲಾದನೇ ಹೊರತು ಶಿಷ್ಯನ ಅಭ್ಯಾಸ ಬದಲಾಗಲಿಲ್ಲ. ಎಸಕಪದ, ಪರಿಚೆಪದ ಮುಂತಾದ ಹೊಸ ಪರಿಭಾಷೆಯಲ್ಲಿ ರಚಿತವಾದ ‘ಕನ್ನಡ ಬರಹದ ಸೊಲ್ಲರಿಮೆ’ಯ ಸಂಪುಟಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅವು ಶಾಸ್ತ್ರದ ಬೇರೆ ಪುಸ್ತಕಗಳನ್ನು ಆಗಲೇ ಓದಬಲ್ಲವನಿಗೆ ಹೆಚ್ಚು ದಕ್ಕುತ್ತವೆ. ‘ದಿ ಅಡ್ಜೆಕ್ಟಿವಲ್ ಕ್ಯಾಟಗರಿ’ (1994), ‘ಪ್ರೊನೌನ್ಸ್’ (2004) ಮುಂತಾದ ಅವರ ಇಂಗ್ಲಿಷ್ ಗ್ರಂಥಗಳು ಪ್ರವೇಶಕ್ಕಲ್ಲ. ಆದರೆ ಸಣ್ಣದೊಂದು ಮನೆಮಾತಿನ ವ್ಯಾಕರಣದಿಂದ ಹೊರಟವರು ಜಗತ್ತಿನ ಭಾಷೆಗಳ ಸಾಮಾನ್ಯ ಸಿದ್ಧಾಂತದವರೆಗೆ ಹೋಗಬಹುದು ಎಂಬುದಕ್ಕೆ ಅವು ಸಾಕ್ಷಿ.

6. ಮೂರು ಆಕ್ಷೇಪಗಳು

ನಮ್ಮ ನಿಲುವಿಗೆ ಮೂರು ಆಕ್ಷೇಪಗಳು ಬರಬಹುದು. ಮೊದಲನೆಯದು: ಆರಂಭದಲ್ಲಿ ಸರಳೀಕರಣ ಅಗತ್ಯ, ಉಪಭಾಷೆಯ ತೊಡಕುಗಳನ್ನು ಮುಂದೆ ನೋಡಿಕೊಳ್ಳಬಹುದು. ಇದರಲ್ಲಿ ಸತ್ಯವಿದೆ. ಆದರೆ ಯಾವುದು ಸರಳ ಎಂಬುದು ಓದುಗನ ಮೇಲೆ ನಿಂತಿದೆ. ಸಿದ್ದಾಪುರದ ಹುಡುಗಿಗೆ ‘ತಂಗಿ ಬಂತು’ ತೊಡಕಲ್ಲ. ಅವಳ ಪಾಲಿಗೆ ‘ಬಂದಳು’ ಎಂಬುದೇ ಶಾಲೆಯಲ್ಲಿ ಕಲಿತದ್ದು. ಗೊತ್ತಿರುವುದರಿಂದ ಗೊತ್ತಿಲ್ಲದುದಕ್ಕೆ ಹೋಗುವುದೇ ಸರಳ ಮಾರ್ಗವೆಂದಾದರೆ, ಪಾಠ ಆರಂಭವಾಗಬೇಕಾದುದು ಅವಳ ವಾಕ್ಯದಿಂದ.

ಎರಡನೆಯದು: ಪ್ರತಿಯೊಂದು ಸೀಮೆಗೂ ಒಂದೊಂದು ಪ್ರವೇಶಗ್ರಂಥ ಬರೆಯುವುದು ಅಸಾಧ್ಯ. ಹೌದು, ಬೇಕಾಗಿಯೂ ಇಲ್ಲ. ಗ್ಲೀಸನ್ ಅವರ ಹೀಬ್ರೂ ಪಾಠದಲ್ಲಿ ಶಿರಸಿಯ ಹೆಸರಿಲ್ಲ, ಆದರೂ ಅದು ಶಿರಸಿಯಲ್ಲಿ ಉಪಯೋಗಕ್ಕೆ ಬರುತ್ತದೆ. ಪುಸ್ತಕವು ಓದುಗನ ಸಾಮಗ್ರಿಗೆ ಜಾಗ ಬಿಟ್ಟಿರಬೇಕೆಂಬುದಷ್ಟೇ ನಮ್ಮ ಬೇಡಿಕೆ. ಯಲ್ಲಾಪುರದ ಸಿದ್ದಿ ಮನೆಯಿಂದ ಬಂದ ವಿದ್ಯಾರ್ಥಿಯೂ, ಹವ್ಯಕರ ಮನೆಯವನೂ, ನಾಮಧಾರಿ ಮನೆಯವನೂ ಒಂದೇ ಅಧ್ಯಾಯವನ್ನು ಓದಿ ಮೂರು ಬೇರೆ ಪಟ್ಟಿಗಳನ್ನು ತರಗತಿಗೆ ತರುವಂತಾಗಬೇಕು. ಆ ಮೂರು ಪಟ್ಟಿಗಳ ಹೋಲಿಕೆಯೇ ಮುಂದಿನ ಪಾಠ. ನಮ್ಮ ಲೇಖನದ ಉದಾಹರಣೆಗಳು ಹವ್ಯಕದಿಂದ ಬಂದುದಕ್ಕೆ ಅದರ ಮುದ್ರಿತ ವ್ಯಾಕರಣ ಲಭ್ಯವಿರುವುದು ಕಾರಣ; ಉಳಿದ ಮಾತುಗಳಿಗೆ ಈ ಸೌಲಭ್ಯ ಇಷ್ಟಾಗಿ ಇಲ್ಲದಿರುವುದೇ ಅವುಗಳನ್ನು ಆಡುವ ವಿದ್ಯಾರ್ಥಿಗಳಿಗೆ ಇಂಥ ತರಬೇತಿ ಇನ್ನೂ ಅಗತ್ಯವೆಂಬುದನ್ನು ಹೇಳುತ್ತದೆ.

ಮೂರನೆಯದು ಹೆಚ್ಚು ಗಂಭೀರವಾದುದು: ನಾವು ಹೊಗಳಿದ ಪುಸ್ತಕ ಇಂಗ್ಲಿಷಿನದು, ಕನ್ನಡ ಮಾಧ್ಯಮದ ವಿದ್ಯಾರ್ಥಿ ಅದನ್ನು ಓದುವುದು ಹೇಗೆ? ಇದಕ್ಕೆ ಪೂರ್ತಿ ಉತ್ತರ ನಮ್ಮಲ್ಲಿಲ್ಲ. ತಾತ್ಕಾಲಿಕವಾಗಿ, ಪರಿಭಾಷೆಗೆ ಕನ್ನಡದ ಪ್ರವೇಶಗ್ರಂಥ, ವಿಧಾನಕ್ಕೆ ಇಂಗ್ಲಿಷಿನ ಅಭ್ಯಾಸಪುಸ್ತಕದ ಆಯ್ದ ಸಮಸ್ಯೆಗಳು, ಸಾಮಗ್ರಿಗೆ ಸ್ವಂತ ಸೀಮೆಯ ಉಪಭಾಷಾ ವರ್ಣನೆ ಹೀಗೆ ಮೂರನ್ನು ಜೊತೆಯಾಗಿ ಓದಿಸುವುದು ಸಾಧ್ಯ. ಸಮಸ್ಯೆಗಳನ್ನು ಓದಲು ಬೇಕಾದ ಇಂಗ್ಲಿಷ್ ಬಹಳ ಕಡಿಮೆ. ಅಲ್ಲಿ ಓದಬೇಕಾದುದು ಮುಖ್ಯವಾಗಿ ಸಾಮಗ್ರಿಯನ್ನು. ಆದರೆ ನಿಜವಾದ ಪರಿಹಾರವೆಂದರೆ ಕನ್ನಡದಲ್ಲಿಯೇ, ಕನ್ನಡದ ಉಪಭಾಷೆಗಳ ಮತ್ತು ನೆರೆಭಾಷೆಗಳ ಸಾಮಗ್ರಿಯಿಂದ, ಉತ್ತರಗಳನ್ನು ಮೊದಲೇ ಅಚ್ಚು ಮಾಡದ ಒಂದು ಅಭ್ಯಾಸಪುಸ್ತಕ. ಅದನ್ನು ಸಿದ್ಧಪಡಿಸಬೇಕಾದ ಹೊಣೆ ಈ ಪತ್ರಿಕೆಯ ಓದುಗರಾದ ನಮ್ಮ ನಿಮ್ಮೆಲ್ಲರದು.

7. ಸಮಾರೋಪ

ಪ್ರವೇಶಗ್ರಂಥವನ್ನು ಆರಿಸುವವರಿಗೆ ನಾವು ಸೂಚಿಸುವ ಪರೀಕ್ಷೆ ಚಿಕ್ಕದು. ಪುಸ್ತಕದಲ್ಲಿ ಲಿಂಗವನ್ನೋ ಪುರುಷವನ್ನೋ ಕುರಿತ ಪುಟವನ್ನು ತೆರೆದು, ಆ ಪುಟದ ಹೇಳಿಕೆಯ ಪಕ್ಕದಲ್ಲಿ ವಿದ್ಯಾರ್ಥಿಯ ಮನೆಯ ನಾಲ್ಕು ವಾಕ್ಯಗಳನ್ನು ಬರೆಯಬೇಕು. ಆ ವಾಕ್ಯಗಳಿಗೂ ಹೇಳಿಕೆಗೂ ಹೊಂದದಿದ್ದಾಗ ಯಾವುದನ್ನು ತಿದ್ದಬೇಕೆಂದು ಪುಸ್ತಕ ಕಲಿಸುತ್ತದೆ ಎಂಬುದನ್ನು ನೋಡಬೇಕು. ವಾಕ್ಯಗಳನ್ನು ತಿದ್ದಲು ಕಲಿಸುವ ಪುಸ್ತಕ ಎಷ್ಟೇ ಸರಳವಾಗಿದ್ದರೂ, ಎಷ್ಟೇ ಹೊಸದಾಗಿದ್ದರೂ, ಅದು ಶಾಸ್ತ್ರದ ಮೊದಲ ಪುಸ್ತಕವಾಗಲು ತಕ್ಕುದಲ್ಲ. ಹೇಳಿಕೆಯನ್ನು ತಿದ್ದಲು, ಅಥವಾ ಕನಿಷ್ಠ ಸಂಶಯಿಸಲು, ಕಲಿಸುವ ಪುಸ್ತಕ ಹಳೆಯದಾದರೂ ಆಗಬಹುದು. ಅದರ ಕೊರತೆಗಳನ್ನು ಎರಡನೆಯ ಪುಸ್ತಕ ತುಂಬಿಕೊಡುತ್ತದೆ.

ನಮ್ಮ ಓದಿನ ಎರಡನೆಯ ವರ್ಷ ನಾವು ಈ ಕ್ರಮವನ್ನು ಅನುಸರಿಸಿದೆವು. ಮನೆಮಾತಿಗೆ ವ್ಯಾಕರಣ ಇದೆಯೇ ಎಂದು ಹಿಂದೆ ಕೇಳಿದ್ದ ವಿದ್ಯಾರ್ಥಿ ತಮ್ಮ ಅಜ್ಜಿಯ ಮಾತಿನಿಂದ ಎರಡು ಪುಟಗಳ ಕ್ರಿಯಾರೂಪಗಳನ್ನು ಬರೆದು ತಂದರು. ಅವುಗಳಲ್ಲಿ ಕೆಲವು ಭಟ್ಟರ ಪುಸ್ತಕಕ್ಕೆ ಹೊಂದುತ್ತಿರಲಿಲ್ಲ. ಹೊಂದದವುಗಳ ಎದುರು ಅವರು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಆ ಚಿಹ್ನೆಗಳು ಅಜ್ಜಿಯ ಮಾತಿನ ಕಡೆಗಿರಲಿಲ್ಲ, ಪುಸ್ತಕದ ಕಡೆಗಿದ್ದವು.